ಮುರುಗೆಪ್ಪನವರ ಟರ್ಫು

ಎರೆಮಣ್ಣಿನಲ್ಲಿ ಜೋಳ ಬೆಳೆಯುತ್ತದೆ, ಹತ್ತಿ ಬೆಳೆಯುತ್ತದೆ, ಕಡಲೆ ಬೆಳೆಯುತ್ತದೆ. ಬೀಗತನ ಮಾತ್ರ ಬೆಳೆಯುವುದಿಲ್ಲ. ಈ ಮಹಾಸತ್ಯ ಪುಣೆಯ ಧನಕವಡಿಯ ಮುರುಗೆಪ್ಪನವರಿಗೆ ಹೊಳೆದದ್ದು ಹೋದ ಶ್ರಾವಣದಲ್ಲಿ, ತಮ್ಮದೇ ಮನೆಯ ಅಂಗಳದಲ್ಲಿ, ತಮ್ಮದೇ ಬೀಗರಾದ ಬಸವಪ್ರಭುಗಳು ಕೆಸರಿನಲ್ಲಿ ಕುಳಿತಿದ್ದಾಗ.

ಕುಳಿತಿದ್ದಾಗ ಎನ್ನುವುದು ಮರ್ಯಾದೆಯ ಮಾತು. ಬಸವಪ್ರಭುಗಳು ಸಾಸವಡದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಧೋತರ ಬಿಟ್ಟು ಬೇರೆ ಉಟ್ಟವರಲ್ಲ. ಅಂದು ಸೊಸೆಯ ತವರಿಗೆಂದು ಬಂದು, ಗೇಟು ತೆರೆದು ಎರಡು ಹೆಜ್ಜೆ ಇಟ್ಟರು. ಮೊದಲ ಹೆಜ್ಜೆಗೆ ಅಂಗಳದ ಮಣ್ಣು ಅವರ ಬಲಗಾಲಿನ ಚಪ್ಪಲಿ ನುಂಗಿತು. ಅದನ್ನು ಬಿಡಿಸಿಕೊಳ್ಳಲು ಬಗ್ಗಿದರು. ಮಣ್ಣು ಅವರನ್ನೂ ನುಂಗಲು ನೋಡಿತು. ಆ ಸಂಜೆ ಅವರು ಮುರುಗೆಪ್ಪನವರ ಚೌಕಳಿ ಲುಂಗಿ ಉಟ್ಟು ಊರಿಗೆ ಮರಳಿದರು. ಸಾಸವಡದ ಸ್ಟ್ಯಾಂಡಿನಲ್ಲಿ ಅವರ ಗಿರಾಕಿಗಳೇ ಅವರ ಗುರುತು ಹಿಡಿಯಲಿಲ್ಲವಂತೆ. ಗುರುತು ಹಿಡಿದವರು ಕಾರಣ ಕೇಳಿದರಂತೆ. ಅದು ಇನ್ನೂ ಕೆಟ್ಟದ್ದು.

ಅಂದಿನಿಂದ ಬೀಗರು ಈ ಕಡೆ ಮುಖ ಹಾಕಿರಲಿಲ್ಲ.

ತಪ್ಪು ಮುರುಗೆಪ್ಪನವರದಲ್ಲ, ಅಂಗಳದ್ದು. ಪಿಂಪ್ರಿಯ ಒಂದು ಕಾರಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದಾಗ ಅವರು ಈ ಮೂಲೆ ಪ್ಲಾಟನ್ನು ಕೊಂಡಿದ್ದರು. ಇಷ್ಟು ದೊಡ್ಡ ಅಂಗಳದ ಜಾಗ ಯಾರೂ ಯಾಕೆ ಕೊಳ್ಳದೆ ಬಿಟ್ಟರು ಎಂಬುದು ಮೊದಲ ಮಳೆಗೆ ಗೊತ್ತಾಯಿತು. ಕಪ್ಪು ಎರೆಮಣ್ಣು, ನಡುವೆ ಪರಾತದ ಹಾಗೆ ತಗ್ಗು. ಓಣಿಯ ಮೇಲೆ ಬಿದ್ದ ಮಳೆಯೆಲ್ಲ ಬಂದು ಇಲ್ಲಿ ಕೂಡುತ್ತಿತ್ತು. ಒಮ್ಮೆ ಕೂತ ನೀರು ಇಂಗುವುದೂ ಇಲ್ಲ, ಹರಿಯುವುದೂ ಇಲ್ಲ. ಬೇಸಿಗೆಯಲ್ಲಿ ಅದೇ ನೆಲ ಕೈ ಹಿಡಿಸುವಷ್ಟು ಬಿರುಕು ಬಿಡುತ್ತಿತ್ತು.

ಹೀಗಿರುವಾಗ ಮಗಳು ಸ್ನೇಹಲ್ ಬಸುರಿಯಾದಳು. ಏಳನೆಯ ತಿಂಗಳಿಗೆ ಕುಬಸದ ಕಾರ್ಯ, ಅದೂ ಸರಿಯಾಗಿ ಮಳೆಗಾಲದಲ್ಲಿ. ಮುರುಗೆಪ್ಪನವರು ಸಾಸವಡಕ್ಕೆ ಫೋನು ಹಚ್ಚಿದರು.

"ಕುಬಸ ಮಾಡ್ರಿ ಬೀಗರ, ಬ್ಯಾಡಂತ ಯಾರಂದ್ರು?" ಎಂದರು ಬಸವಪ್ರಭುಗಳು. "ಆದ್ರ ಎಲ್ಲ್ಯಾರ ಬಾಡಗಿ ಹಾಲ್ ಹಿಡೀರಿ. ನಮ್ಮ ಸಾಸವಡದಾಗ ಸಂತರ ಪಾಲಖಿ ಬಂದಾಗ ಅಷ್ಟ ಮಂದಿ ಮಳ್ಯಾಗ ನಡೀತಾರ, ಯಾರೂ ಬೀಳಂಗಿಲ್ಲ. ನಾ ನಿಮ್ಮ ಅಂಗಳದಾಗ ಎರಡ ಹೆಜ್ಜಿ ಇಟ್ಟೆ. ಎರಡ!"

ಇಲ್ಲಿ ಮುರುಗೆಪ್ಪನವರ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ಅರ್ಧ ಕೇಳಿ ಪೂರ್ತಿ ಉತ್ತರ ಕೊಡುವುದು ಅವರಿಗೆ ಹುಟ್ಟಿನಿಂದ ಬಂದದ್ದು. ಅದರ ಮೇಲೆ ಉತ್ಸಾಹ ಬಂತೆಂದರೆ ನಾಲಿಗೆ ಅವರಿಗಿಂತ ನಾಲ್ಕು ಮಾರು ಮುಂದೆ ಓಡುತ್ತಿತ್ತು.

"ಹಾಲ್ ಯಾಕ್ರೀ ಬೀಗರ? ಅಂಗಳ ತುಂಬ ಹಸರ ಹುಲ್ಲಿನ ಹಾಸಗಿ ಮಾಡಸ್ಲಿಕ್ಕತ್ತೀನಿ! ಎಂಥಾ ಮಳಿ ಬರ್ಲಿ, ನೀವು ಬರಿಗಾಲಲೆ ಅಡ್ಡಾಡಬೇಕು!"

ಆ ಹೊತ್ತಿಗೆ ಅಂಗಳದಲ್ಲಿದ್ದದ್ದು ಕಪ್ಪೆ.

ಫೋನಿಟ್ಟ ಮೇಲೆ ಹೆಂಡತಿ ಸಾವಂತ್ರವ್ವ ಅಡುಗೆಮನೆಯಿಂದ ಹೊರಬಂದು, ಗಂಡನನ್ನೂ ಅಂಗಳವನ್ನೂ ಒಂದು ಸಲ ನೋಡಿ, "ಎಲ್ಲಿ ಅದರೀ ಹಾಸಗಿ?" ಎಂದಳು.

"ಬರ್ತದ ತಡಿ," ಎಂದು ಮುರುಗೆಪ್ಪನವರು ಛತ್ರಿ ಹಿಡಿದು ಚಿಂಚವಾಡದ ಬಸ್ಸು ಹತ್ತಿದರು.

ಅಲ್ಲಿ ಟರ್ಫ್ ಎಂಬ ಪ್ಲಾಸ್ಟಿಕ್ ಹುಲ್ಲು ಮಾರುವ ಮಂದಾರ ಎಂಬ ತರುಣನ ಗೋದಾಮು. ಗೋಡೆಯುದ್ದಕ್ಕೂ ಹಸಿರು ಸುರುಳಿಗಳು ನಿಂತಿದ್ದವು. ಮುರುಗೆಪ್ಪನವರು ಒಂದರ ಮೇಲೆ ಕೈಯಾಡಿಸಿ, ಮಗುವಿನ ತಲೆ ಸವರಿದವರಂತೆ ಕರಗಿಹೋದರು. "ಇದನ್ನು ಕೆಸರಿನ ಮೇಲೆ ಹಾಸಿಬಿಟ್ಟರೆ ಮುಗಿಯಿತಲ್ಲ?" ಎಂದು ಮರಾಠಿಯಲ್ಲಿ ಕೇಳಿದರು.

ಮಂದಾರ ಎದೆಯ ಮೇಲೆ ಕೈ ಇಟ್ಟುಕೊಂಡ. ಹಾಗೆ ಹಾಸಿದರೆ ಮೇಲೆ ಹುಲ್ಲು, ಕೆಳಗೆ ಕೆರೆ. ಕಾಲಿಟ್ಟರೆ ನೀರಿನ ಹಾಸಿಗೆ ಎಂದ. ಹುಲ್ಲಿಗೆ ತೂತುಗಳಿವೆ ನಿಜ, ಆದರೆ ಇಳಿದ ನೀರಿಗೆ ಕೆಳಗೆ ದಾರಿ ಬೇಕು. ಮೇಲಿನ ಎರೆಮಣ್ಣು ಕೆರೆದು ತೆಗೆಯಬೇಕು, ನೆಲವನ್ನು ರಸ್ತೆಯ ಗಟಾರದ ಕಡೆ ಇಳಿಜಾರು ಮಾಡಬೇಕು, ಒಂದು ಜಾಳಿಗೆ ಬಟ್ಟೆ ಹಾಸಿ ಅದರ ಮೇಲೆ ಜಲ್ಲಿ ಖಡಿ ಸುರಿಯಬೇಕು, ಖಡಿಯೊಳಗೆ ತೂತಿನ ಪೈಪು, ಮೇಲೆ ಸಣ್ಣ ಕಲ್ಲುಪುಡಿ ಕುಟ್ಟಿ, ಕಟ್ಟಕಡೆಗೆ ಹುಲ್ಲು. ಇಷ್ಟೆಲ್ಲ ಹೇಳಿ, ಮುರುಗೆಪ್ಪನವರ ಕಣ್ಣು ಸುರುಳಿಗಳ ಮೇಲೇ ಇರುವುದನ್ನು ಕಂಡು, ಅವರ ಹೆಗಲು ಹಿಡಿದು ಅಲುಗಾಡಿಸಿದ: "ಕಾಕಾ, ಬಾಕಿ ವಿಸರಾ! ಸ್ಲೋಪ್! ಫಕ್ತ ಸ್ಲೋಪ್!"

ಬೇರೆಯದೆಲ್ಲ ಮರೆತರೂ ಇಳಿಜಾರು ಮರೆಯಬೇಡಿ ಎಂದರ್ಥ. ಮುರುಗೆಪ್ಪನವರು ಮರಳಿ ಬರುವಾಗ ಬಸ್ಸಿನಲ್ಲಿ "ಸ್ಲೋಪ್, ಸ್ಲೋಪ್" ಎಂದು ಜಪ ಮಾಡುತ್ತಲೇ ಬಂದರು. ಕಂಡಕ್ಟರ್ ಅದು ಯಾವ ಸ್ಟಾಪು ಎಂದು ಎರಡು ಸಲ ಕೇಳಿದ.

ಕೆಲಸ ಶುರುವಾಯಿತು. ಮಂದಾರನ ಕೆಲಸಗಾರರು ಅಗೆದರು. ಒಂದು ಲಾರಿ ಕಪ್ಪು ಮಣ್ಣು ಹೊರಗೆ ಹೋಯಿತು, ಒಂದು ಲಾರಿ ಖಡಿ ಒಳಗೆ ಬಂತು. ಮುರುಗೆಪ್ಪನವರು ಉದ್ದಕ್ಕೆ ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ, ನೆಲದ ಮೇಲೆ ಬೋರಲು ಮಲಗಿ ಇಳಿಜಾರು ನೋಡುವ ದೃಶ್ಯವನ್ನು ಇಡೀ ಓಣಿ ಬಾಲ್ಕನಿಯಿಂದ ನೋಡಿತು.

ಎದುರುಮನೆಯ ಮಾಳಿಗೆಯಲ್ಲಿ ಸುಖೇಶ್ ಎಂಬ ಹುಡುಗ ಬಾಡಿಗೆಗಿದ್ದ. ಮಂಡ್ಯದ ಕಡೆಯವನು, ಐಟಿ ಕಂಪನಿಯ ಕೆಲಸ. ವಾರವೆಲ್ಲ ಕಂಪ್ಯೂಟರು, ವಾರದ ಕೊನೆಗೆ ಕ್ರಿಕೆಟ್ಟು. ಈಗ ಪುಣೆಯಲ್ಲಿ ಅವನ ವಯಸ್ಸಿನವರ ಮುಂದೆ ಟರ್ಫ್ ಎಂದರೆ ಒಂದೇ ಅರ್ಥ: ಸುತ್ತ ಬಲೆ ಕಟ್ಟಿ, ಕೆಳಗೆ ಹಸಿರು ಹಾಸಿ, ತಾಸಿನ ಲೆಕ್ಕದಲ್ಲಿ ಕ್ರಿಕೆಟ್ ಆಡಲು ಬಾಡಿಗೆಗೆ ಕೊಡುವ ಜಾಗ. ಆ ತಾಸಿಗೆ ಅವರು ಸ್ಲಾಟ್ ಎನ್ನುತ್ತಾರೆ. ಇದು ಸುಖೇಶನಿಗೆ ಗೊತ್ತಿತ್ತು, ಓಣಿಗೆಲ್ಲ ಗೊತ್ತಿತ್ತು. ಮುರುಗೆಪ್ಪನವರಿಗೆ ಗೊತ್ತಿರಲಿಲ್ಲ.

"ಅಂಕಲ್, ಏನ್ ಕೆಲಸ ನಡೀತಿದೆ?" ಎಂದು ಸುಖೇಶ್ ಗೇಟಿನ ಬಳಿ ನಿಂತು ಕೇಳಿದ. ಹಿಂದೆ ಲಾರಿ ಖಡಿ ಸುರಿಯುತ್ತಿತ್ತು.

"ಟರ್ಫ್ ಹಾಕಸ್ಲಿಕ್ಕತ್ತೀನ್ರೀ!"

"ಟರ್ಫಾ? ಇಲ್ಲೇ? ನಮ್ಮನೆ ಎದುರಿಗೇ?" ಸುಖೇಶನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಸೂಪರ್ ಅಂಕಲ್! ನಮಗೆ ಸ್ಲಾಟ್ ಕೊಡ್ತೀರಾ?"

ಮುರುಗೆಪ್ಪನವರಿಗೆ ಅದು ಸ್ಲೋಪ್ ಎಂದು ಕೇಳಿಸಿತು. ಕೇಳಿಸದೆ ಏನು? "ಸ್ಲೋಪ್ ಕೊಡದ ಟರ್ಫ್ ಹಾಕ್ತಾರೇನ್ರೀ? ಅದಽ ಮುಖ್ಯ!"

"ಬೆಳಿಗ್ಗೆನಾ, ಸಂಜೆನಾ ಅಂಕಲ್?"

"ಇದೇನ್ ಕೇಳ್ತೀರಿ? ಒಮ್ಮೆ ಕೊಟ್ಟ ಮ್ಯಾಲೆ ಇಪ್ಪತ್ನಾಕ ತಾಸೂ ಇರ್ತದ!"

ಸುಖೇಶನ ಬಾಯಿ ತೆರೆಯಿತು. "ನೆಟ್ ಇರುತ್ತಾ?"

"ನೆಟ್ ಕೆಳಗ ಹಾಸೇವಿ, ಖಡಿ ಬುಡಕ."

"ಕೆಳಗಾ? ಏನೋ ಹೊಸಾ ಟೆಕ್ನಾಲಜಿ ಇರ್ಬೇಕು… ಅಂಕಲ್, ಬರೋ ಭಾನುವಾರ ನಾವು ಬರಬಹುದಾ? ಹನ್ನೊಂದು ಜನ ಇದ್ದೀವಿ."

ಬರುವ ಭಾನುವಾರವೇ ಕುಬಸ. ಹುಡುಗನಿಗೆ ಹೇಗೋ ಸುದ್ದಿ ತಿಳಿದು ತಾನಾಗಿ ಬರುತ್ತೇನೆನ್ನುತ್ತಿದ್ದಾನೆ ಎಂದು ಮುರುಗೆಪ್ಪನವರ ಹೃದಯ ತುಂಬಿಬಂತು. "ಹನ್ನೊಂದಽ ಯಾಕ, ಇಪ್ಪತ್ತ ಮಂದಿ ಬರ್ರಿ! ಊಟ ಇಲ್ಲೇ. ಶೇಂಗಾ ಹೋಳಿಗಿ!"

"ಊಟಾನೂನಾ? ಚಾರ್ಜ್ ಎಷ್ಟು ಅಂಕಲ್?"

"ಶುಭಕಾರ್ಯಕ್ಕ ಯಾರರ ರೊಕ್ಕ ಇಸ್ಕೋತಾರೇನ್ರೀ!" ಎಂದು ಮುರುಗೆಪ್ಪನವರು ನೊಂದುಕೊಂಡರು.

ಓಣಿಯ ವಾಟ್ಸಾಪಿನಲ್ಲಿ ಸಂಜೆಯೊಳಗೆ ಸುದ್ದಿ ಹರಿದಾಡಿತು. ಮುರುಗೆಪ್ಪ ಕಾಕಾ ಅವರ ಹೊಸ ಟರ್ಫ್, ದಿನದ ಇಪ್ಪತ್ತನಾಲ್ಕು ತಾಸೂ, ಭಾನುವಾರ ಉದ್ಘಾಟನೆ, ಊಟಸಹಿತ ಉಚಿತ.

ಮರುದಿನ ಬೆಳಿಗ್ಗೆ ಹಾಲು ತರಲು ಹೋದರೆ ಅಂಗಡಿಯವನು ಕೈಕುಲುಕಿದ. ಇಸ್ತ್ರಿಯವನು ಕೈಕುಲುಕಿದ. ಮೂರು ವರ್ಷದಿಂದ ಮಾತು ಬಿಟ್ಟಿದ್ದ ಸೊಸೈಟಿಯ ಸೆಕ್ರೆಟರಿ ತಾನಾಗಿ ಬಂದು, "ಈ ವಯಸ್ಸಿನಲ್ಲಿ ಇಂಥ ಧೈರ್ಯ!" ಎಂದು ಬೆನ್ನು ತಟ್ಟಿದ. ಮಗಳ ಕುಬಸಕ್ಕೆ ಜನ ಇಷ್ಟೊಂದು ಸಂತೋಷಪಡುವುದು ಕಂಡು ಮುರುಗೆಪ್ಪನವರು ಮನೆಗೆ ಬಂದು ಹೆಂಡತಿಗೆ ಹೇಳಿದರು: "ಸಾವಂತ್ರಿ, ನಾವು ಸುಮ್ನ ಅಂತೀವಿ. ಈ ಊರಿನ ಮಂದಿ ಭಾಳ ಛಲೋ."

ಪಕ್ಕದ ಮನೆಯ ರುದ್ರವ್ವನವರು ಮಾತ್ರ ಸಂತೋಷಪಡಲಿಲ್ಲ. ಬಾಗಲಕೋಟೆ ಕಡೆಯ ಹಿರಿಯ ಹೆಣ್ಣುಮಗಳು. ಇಳಿದನಿಯಲ್ಲಿ ಮಾತಾಡಿದರೂ ಕಾತ್ರಜ ಘಾಟಿನ ತನಕ ಕೇಳಿಸುವ ಕಂಠ. ಕಂಪೌಂಡಿನ ಮೇಲೆ ಎರಡೂ ಮೊಣಕೈ ಊರಿ ಕೂಗಿದರು:

"ತಮ್ಮಾ ಮುರುಗೆಪ್ಪಾ! ಅದೆಲ್ಲಾ ನನ್ನ ಹಿತ್ತಲಕ್ಕ ಬಂದ್ರ ನಾ ಸುಮ್ನಿರಾಕಿ ಅಲ್ಲ!"

ಅವರು ಹೇಳಿದ್ದು ಚೆಂಡು. ಇವರು ತಿಳಿದದ್ದು ನೀರು.

"ಬರಂಗೇ ಇಲ್ರೀ ಅಕ್ಕಾರ. ಎಲ್ಲಾ ಸೀದಾ ಗಟಾರಕ್ಕ ಹೋಗ್ತದ."

"ಗಟಾರಕ್ಕ? ಮತ್ತ ಕೈ ಹಾಕಿ ತಗಿಯವ್ರು ಯಾರು?"

"ತಗ್ಯೂದ್ಯಾಕ್ರೀ? ಹೋದದ್ದು ಹೋಗ್ಲಿ. ಮತ್ತ ಹೊಸಾದು ಬರ್ತದ."

ಇಷ್ಟು ಶ್ರೀಮಂತಿಕೆ ಯಾವಾಗ ಬಂತೆಂದು ರುದ್ರವ್ವ ಕಣ್ಣು ಕಿರಿದು ಮಾಡಿದರು. "ನನ್ನ ಕಿಟಕಿಗೆ ಬಂತಂದ್ರ?"

ಮುರುಗೆಪ್ಪನವರು ಮನಸಾರೆ ನಕ್ಕರು. "ನಿಮ್ಮ ಕಿಟಕಿ ಮಟ ಬಂತಂದ್ರ, ಅಕ್ಕಾರ, ಧನಕವಡಿ ಒಂದೂ ಉಳ್ಯಂಗಿಲ್ಲ ಬಿಡ್ರಿ!"

ರುದ್ರವ್ವ ಇದನ್ನು ಬೆದರಿಕೆ ಎಂದು ತಿಳಿದರು. ಸೀದಾ ಕಾರ್ಪೊರೇಶನ್ನಿನ ಕಚೇರಿಗೆ ಹೋಗಿ, ವಸತಿ ಓಣಿಯಲ್ಲಿ ಒಬ್ಬರು ಕ್ರಿಕೆಟ್ಟಿನ ದಂಧೆ ತೆಗೆಯುತ್ತಿದ್ದಾರೆ, ಕಿಟಕಿಯ ಗತಿ ಕೇಳಿದರೆ ಊರನ್ನೇ ಉಳಿಸುವುದಿಲ್ಲ ಎನ್ನುತ್ತಾರೆ ಎಂದು ಹೇಳಿ ಬಂದರು.

ಶುಕ್ರವಾರ ಕಾರ್ಪೊರೇಶನ್ನಿನ ಒಬ್ಬ ಸಾಹೇಬರು ನೋಟೀಸು ಹಿಡಿದು ಬಂದರು. ಅಷ್ಟರಲ್ಲಿ ಹುಲ್ಲು ಹಾಸಿ ಮುಗಿದಿತ್ತು. ಸಾಹೇಬರು ಅದರ ಅಂಚಿನಲ್ಲಿ ಬೂಟು ನಿಲ್ಲಿಸಿ ಮರಾಠಿಯಲ್ಲಿ ವಿಚಾರಣೆ ಶುರುಮಾಡಿದರು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗೆ ನಡೆಯಿತು.

"ಈ ಟರ್ಫ್ ನಿಮ್ಮದೇ?"

"ನನ್ನದೇ ಸಾಹೇಬ, ಕಾಲಿಟ್ಟು ನೋಡಿ!"

"ಭಾನುವಾರ ಎಷ್ಟು ಜನ ಸೇರುತ್ತೀರಿ?"

"ಐವತ್ತು ಅರವತ್ತು. ಹೆಂಗಸರೇ ಹೆಚ್ಚು."

ಸಾಹೇಬರ ಪೆನ್ನು ನಿಂತಿತು. "ಹೆಂಗಸರು? ಇದರಲ್ಲಿ?"

"ಹೆಂಗಸರಿಲ್ಲದೆ ಇದು ನಡೆಯುತ್ತದೆಯೇ ಸಾಹೇಬ? ಗಂಡಸರದು ಬರೀ ಕೂತು ನೋಡುವ ಕೆಲಸ."

"ಹೆಂಗಸರಲ್ಲಿ ಮುಖ್ಯರು ಯಾರು?"

"ನನ್ನ ಮಗಳು. ಏಳು ತಿಂಗಳ ಬಸುರಿ."

"ಏಳು ತಿಂ… ಅವರು ಓಡುವುದು ಹೇಗೆ?"

"ಓಡುವುದು ಯಾಕೆ? ಅವಳನ್ನು ನಟ್ಟನಡುವೆ ಕುರ್ಚಿಯ ಮೇಲೆ ಕೂಡಿಸುತ್ತೇವೆ. ಉಳಿದವರು ಒಬ್ಬೊಬ್ಬರಾಗಿ ಅವಳ ಕಡೆ ಬರುತ್ತಾರೆ."

ಸಾಹೇಬರು ಪೆನ್ನು ಜೇಬಿಗೆ ಸಿಕ್ಕಿಸಿದರು. ತಮಗೂ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಕ್ರಿಕೆಟ್ ಎಂದರೆ ಪ್ರಾಣ, ಆದರೆ ಹುಡುಗರು ಅವರನ್ನು ಆಟಕ್ಕೇ ಸೇರಿಸಿಕೊಳ್ಳುವುದಿಲ್ಲ ಎಂದರು. ನೋಟೀಸು ಚೀಲಕ್ಕೆ ಮರಳಿತು. "ಭಾನುವಾರ ಅವರನ್ನು ಕರೆದುಕೊಂಡು ನಾನೇ ಬರುತ್ತೇನೆ," ಎಂದು ಎರಡೂ ಕೈ ಜೋಡಿಸಿದರು. ಕ್ರಿಕೆಟ್ಟಿನ ಮಾತು ನಡುವೆ ಯಾಕೆ ಬಂತೆಂದು ಮುರುಗೆಪ್ಪನವರಿಗೆ ಒಂದು ಗಳಿಗೆ ಅನಿಸಿತು. ಆದರೆ ದೊಡ್ಡವರು ಮನಸ್ಸು ಬಿಚ್ಚಿ ಮಾತಾಡುವಾಗ ಕಾರಣ ಕೇಳಬಾರದೆಂದು ಸುಮ್ಮನಾದರು.

ಭಾನುವಾರ ಬೆಳಗು ಹರಿಯುವ ಮೊದಲೇ ಮಳೆ ಶುರುವಾಯಿತು. ಅಂಥಿಂಥ ಮಳೆಯಲ್ಲ, ಕೊಡಗಟ್ಟಲೆ ಸುರಿಯುವ ಮಳೆ. ಮುರುಗೆಪ್ಪನವರು ಹಾಸಿಗೆಯಿಂದ ಜಿಗಿದು, ಬನಿಯನ್ನಿನಲ್ಲೇ ಛತ್ರಿ ಹಿಡಿದು ಅಂಗಳಕ್ಕೆ ಓಡಿದರು. ಹುಲ್ಲಿನ ಮೇಲೆ ಒಂದು ಕ್ಷಣ ನೀರು ಹೊಳೆಯಿತು. ಅವರು ಬಗ್ಗಿ ನೋಡಿದರು. ನೀರು ಗುಳುಗುಳು ಎಂದಿತು, ಎಳೆಗಳ ನಡುವೆ ಇಳಿಯಿತು, ಕಾಣದಾಯಿತು. ಅವರು ಗೇಟಿನ ಹೊರಗೆ ಓಡಿದರು. ಪೈಪಿನ ಬಾಯಿಂದ ಗಟಾರಕ್ಕೆ ನೀರು ಧಬಧಬನೆ ಬೀಳುತ್ತಿತ್ತು!

"ಸಾವಂತ್ರೀ! ಬಂತು! ಬಂತು!"

ಬೀಗರು ಬಂದರೆಂದು ಸಾವಂತ್ರವ್ವ ಆರತಿ ತಟ್ಟೆ ಹಿಡಿದು ಮಳೆಯಲ್ಲಿ ಓಡಿಬಂದಳು. ಗಂಡ ಗಟಾರದ ಮುಂದೆ ಛತ್ರಿ ತಿರುಗಿಸುತ್ತ ಕುಣಿಯುತ್ತಿದ್ದ. ನೀರು ಬೀಳುವುದನ್ನು ಅವಳೂ ನೋಡಿದಳು, ನೋಡುತ್ತ ನೋಡುತ್ತ ನಕ್ಕಳು. ತಟ್ಟೆಯ ದೀಪ ಆರಿಹೋಗಿತ್ತು. ಆದರೂ ಒಂದು ಸಲ ಆ ಪೈಪಿಗೇ ಬೆಳಗಿದಳು.

ಹತ್ತರ ಹೊತ್ತಿಗೆ ಮಳೆ ನಿಂತಿತು. ಸಾಸವಡದಿಂದ ಎರಡು ಗಾಡಿ ಬಂದವು. ಮೊದಲ ಗಾಡಿಯಿಂದ ಬಸವಪ್ರಭುಗಳು ಇಳಿದರು. ಮೇಲೆ ಬಿಳಿ ಧೋತರ, ಕೆಳಗೆ ಮೊಣಕಾಲಿನವರೆಗೆ ರಬ್ಬರಿನ ಗಂಬೂಟು, ಕೈಯಲ್ಲಿ ಕೋಲು, ಹಿಂದೆ ಅಳಿಯ ಅಮರನ ಕೈಯಲ್ಲಿ ಬದಲಿ ಬಟ್ಟೆಯ ಚೀಲ. ಗೇಟಿನಲ್ಲಿ ನಿಂತು ಕೋಲಿನಿಂದ ಹುಲ್ಲನ್ನು ಚುಚ್ಚಿದರು. ಕೋಲು ಇಳಿಯಲಿಲ್ಲ. ಒಂದು ಹೆಜ್ಜೆ ಇಟ್ಟರು. ಎರಡನೆಯದು ಇಟ್ಟರು. ನಿಂತು ಕಾಯ್ದರು. ಏನೂ ಆಗಲಿಲ್ಲ. ಮೂರನೆಯ ಹೆಜ್ಜೆಗೆ ಗಂಬೂಟು ಕಳಚಿ ಬರಿಗಾಲು ಊರಿದರು.

"ಬೀಗರ," ಎಂದರು, "ಥೇಟ್ ಮಖಮಲ್ ಅದ ನೋಡ್ರಿ!"

ಬಟ್ಟೆ ವ್ಯಾಪಾರಿಯ ಬಾಯಿಂದ ಈ ಮಾತು! ಮುರುಗೆಪ್ಪನವರ ಕಣ್ಣಿನಲ್ಲಿ ನೀರಾಡಿತು. ಸ್ನೇಹಲ್ ಹಸಿರು ಸೀರೆಯಲ್ಲಿ ಬಂದು ನಡುವಿನ ಕುರ್ಚಿಯಲ್ಲಿ ಕುಳಿತಳು. ಮುತ್ತೈದೆಯರು ಉಡಿ ತುಂಬಿದರು. ಹಸಿರು ಬಳೆ, ಹೂವಿನ ದಂಡೆ, ಹಾಡು, ನಗೆ. ಎಲ್ಲ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಕೊನೆಯ ಆರತಿ ಮುಗಿಯುತ್ತಿತ್ತು.

ಆಗ ಗೇಟು ತೆರೆಯಿತು. ನೀಲಿ ಜೆರ್ಸಿ ತೊಟ್ಟ ಹನ್ನೊಂದು ಹುಡುಗರು ಬ್ಯಾಟು ಹೆಗಲಿಗೇರಿಸಿ ಒಳಗೆ ಬಂದರು. ಮುಂದೆ ಸುಖೇಶ್, ಬಗಲಲ್ಲಿ ಪ್ಲಾಸ್ಟಿಕ್ಕಿನ ಸ್ಟಂಪು. ಅವರ ಹಿಂದೆ ಕಾರ್ಪೊರೇಶನ್ನಿನ ಸಾಹೇಬರು, ಬಿಳಿ ಪ್ಯಾಂಟು ತೊಟ್ಟ ಇಬ್ಬರು ಹೆಣ್ಣುಮಕ್ಕಳೊಂದಿಗೆ. ಅವರ ಹಿಂದೆ ತಮ್ಮ ದೂರು ಏನಾಯಿತೆಂದು ನೋಡಲು ಬಂದ ರುದ್ರವ್ವ.

"ಅಂಕಲ್, ನಮ್ಮ ಸ್ಲಾಟು…" ಎಂದ ಸುಖೇಶ್, ಕುರ್ಚಿಯಲ್ಲಿದ್ದ ಸ್ನೇಹಲ್‌ಳನ್ನು ಕಂಡು ನಿಂತುಬಿಟ್ಟ. "ಅಯ್ಯೋ, ಸಾರಿ. ಇವರದ್ದು ಯಾವ ಟೀಮು?"

"ಸ್ಲೋಪ್ ಒಳಗದರೀ, ಹುಲ್ಲಿನ ಬುಡಕ!" ಎಂದರು ಮುರುಗೆಪ್ಪನವರು.

"ಸ್ಲೋಪಲ್ಲ ಅಂಕಲ್, ಸ್ಲಾಟು! ಕ್ರಿಕೆಟ್ ಆಡೋ ಟೈಮು! ಇದು ಟರ್ಫ್ ತಾನೇ?"

"ಟರ್ಫ್ ಅಂದ್ರ ಹುಲ್ಲರೀ!"

"ಟರ್ಫ್ ಅಂದ್ರೆ ಗ್ರೌಂಡು ಅಂಕಲ್!"

ಬೆನ್ನು ತಟ್ಟಿದ ಸೆಕ್ರೆಟರಿ, ಕೈಕುಲುಕಿದ ಹಾಲಿನವನು, ರುದ್ರವ್ವನವರ ಕಿಟಕಿ, ಸಾಹೇಬರ ಹೆಣ್ಣುಮಕ್ಕಳು, ಎಲ್ಲ ಸಾಲಾಗಿ ಬಂದು ಮುರುಗೆಪ್ಪನವರ ತಲೆಯಲ್ಲಿ ಕುಳಿತವು. ಅವರೂ ಹತ್ತಿರದ ಕುರ್ಚಿಯಲ್ಲಿ ಕುಳಿತರು.

ಬಸವಪ್ರಭುಗಳು ಎದ್ದು ನಿಂತರು. "ಬೀಗರ! ನಮ್ಮ ಸೊಸಿ ಕುಬಸಾ ಕ್ರಿಕೆಟ್ ಮೈದಾನದಾಗ ಇಟ್ಟೀರೇನು? ಅಮರಾ, ನನ್ನ ಗಂಬೂಟ್ ತಾ!"

ಗಂಬೂಟು ಬಂದಿದ್ದರೆ ಬೀಗತನ ಅಂದಿಗೆ ಮುಗಿಯುತ್ತಿತ್ತು. ಆದರೆ ಸಾವಂತ್ರವ್ವ ನಡುವೆ ಬಂದು ನಿಂತಳು. "ಬಸರಿ ಮಗಳ ಮುಂದ ಬಂದವ್ರು ಬರಿ ಹೊಟ್ಟಿಲೆ ಹೋಗಬಾರದು. ಮೊದಲ ಎಲ್ಲಾರೂ ಉಣ್ಣಾಕ ಕೂಡ್ರಿ. ಜಗಳಾ ಆಮ್ಯಾಲೆ."

ಶೇಂಗಾ ಹೋಳಿಗೆಯ ಮುಂದೆ ಕೂತು ಜಗಳ ಮಾಡಬಲ್ಲವರು ಇನ್ನೂ ಹುಟ್ಟಬೇಕು. ಹುಡುಗರು ತುಪ್ಪ ಸುರಿಸಿಕೊಂಡು ಉಂಡರು. ರುದ್ರವ್ವ ಬಡಿಸಲು ನಿಂತರು. ಸಾಹೇಬರು ಬಸವಪ್ರಭುಗಳ ಪಕ್ಕದಲ್ಲಿ ಕೂತು, ಇಡೀ ತಪ್ಪು ತಿಳಿವಳಿಕೆಯನ್ನು ಮೊದಲಿಂದ ಕೊನೆಯವರೆಗೆ ವರ್ಣಿಸಿದರು. ಎರಡನೆಯ ಹೋಳಿಗೆಗೆ ಬೀಗರ ಮೀಸೆ ಅಲುಗಿತು. ಮೂರನೆಯದಕ್ಕೆ ಹೊಟ್ಟೆ ಅಲುಗಿತು.

ಊಟದ ಮೇಲೆ ಸಾಹೇಬರು ಎದ್ದು ಹೇಳಿದರು: ತಮ್ಮ ಹೆಣ್ಣುಮಕ್ಕಳು ಆಸೆಯಿಂದ ಬಂದಿದ್ದಾರೆ, ನಾಲ್ಕು ಚೆಂಡಾದರೂ ಆಗಲಿ. ಹಿರಿಯರು ಬಸವಪ್ರಭುಗಳು, ಮೊದಲ ಬ್ಯಾಟು ಅವರದು. ಮನೆಯೊಡತಿ ಮೊದಲ ಚೆಂಡು ಎಸೆಯಲಿ. ಯಜಮಾನರು ಅಂಪೈರ್.

ಹಿರಿಯರು ಎಂಬ ಮಾತಿಗೆ ಬಸವಪ್ರಭುಗಳು ಕರಗಿದರು. ಧೋತರ ಕಚ್ಚೆ ಕಟ್ಟಿ, ಬ್ಯಾಟನ್ನು ಬಟ್ಟೆ ಅಳೆಯುವ ಗಜಕಡ್ಡಿಯಂತೆ ಹಿಡಿದು ನಿಂತರು. ಸಾವಂತ್ರವ್ವ ಸೆರಗು ಸಿಕ್ಕಿಸಿಕೊಂಡಳು. ಕ್ರಿಕೆಟ್ ಅವಳಿಗೆ ಗೊತ್ತಿರಲಿಲ್ಲ. ಆದರೆ ಅದು ಮಾಳಿಗೆಯ ಮೇಲೆ ಒಣಹಾಕಿದ ಜೋಳದಿಂದ ಗುಬ್ಬಿ ಓಡಿಸಿದ ಕೈ. ಚೆಂಡು ಹೋಯಿತು. ಬ್ಯಾಟು ಗಾಳಿ ಸೀಳಿತು. ನಡುವಿನ ಸ್ಟಂಪು ಮಲಗಿತು.

ಎಲ್ಲರೂ ಅಂಪೈರ್ ಕಡೆ ತಿರುಗಿದರು. ಒಂದು ಕಡೆ ಬೀಗರು, ಒಂದು ಕಡೆ ಹೆಂಡತಿ.

"ನೋ ಬಾಲ್!" ಎಂದರು ಮುರುಗೆಪ್ಪನವರು.

"ಯಾಕರೀ?" ಸಾವಂತ್ರವ್ವನ ಕೈ ಸೊಂಟಕ್ಕೆ ಹೋಯಿತು.

"ಅವರು… ಗಂಡಿನ ಕಡ್ಯಾವ್ರು."

ಸಾವಂತ್ರವ್ವ ಎರಡನೆಯ ಚೆಂಡು ಎಸೆದಳು. ಈ ಸಲ ಎರಡು ಸ್ಟಂಪು ಮಲಗಿದವು. ಮುರುಗೆಪ್ಪನವರು ಮುಗಿಲಿನ ಕಡೆ ಕೈ ಎತ್ತಿ, "ಮಳಿ! ಮಳಿ ಬಂತು, ಆಟ ಬಂದ್!" ಎಂದು ಕೂಗಿದರು. ಎಲ್ಲರೂ ಮೇಲೆ ನೋಡಿದರು. ತೊಳೆದಿಟ್ಟಂಥ ನೀಲಿ ಆಕಾಶ.

ಆಗ ನಡುವಿನ ಕುರ್ಚಿಯಿಂದ ಸ್ನೇಹಲ್ ತಣ್ಣಗೆ ಹೇಳಿದಳು: "ಮಾವಾರ, ನೀವು ಔಟ್ ರೀ. ಎರಡೂ ಸಲ."

ಬಸವಪ್ರಭುಗಳು ಮಲಗಿದ ಸ್ಟಂಪು ನೋಡಿದರು, ಸೊಸೆಯನ್ನು ನೋಡಿದರು. ಮೆಲ್ಲಗೆ ಬ್ಯಾಟು ಕೆಳಗಿಟ್ಟರು.

"ಬಸರಿ ಹೆಣ್ಮಗಳ ಬಯಕಿ ತೀರಸಬೇಕು," ಎಂದರು. "ಆಕಿ ಔಟ್ ಅಂದ್ರ ಔಟ್! ಆದ್ರ ಈಗ ಬಾಲ್ ನನ್ನ ಕೈಗೆ ಕೊಡ್ರಿ. ಯಾವಂವ ಬರ್ತಾನ ಬರ್ಲಿ!"

ಆ ಮೇಲೆ ಎದ್ದ ಕೇಕೆ ಎಷ್ಟಿತ್ತೆಂದರೆ, ರುದ್ರವ್ವನವರ ಕಂಠವೂ ಅದರಲ್ಲಿ ಮುಳುಗಿಹೋಯಿತು. ಸಾಹೇಬರ ಹಿರಿಮಗಳು ಐಟಿ ಹುಡುಗರ ಚೆಂಡುಗಳನ್ನು ಗೋಡೆಗೆ ಬಡಿಬಡಿದು ಅವರನ್ನು ಸುಸ್ತು ಮಾಡಿದಳು. ಕತ್ತಲಾಗುವವರೆಗೆ ಆಟ ನಡೆಯಿತು.

ಸಾಸವಡ ಅಲ್ಲಿಂದ ತಾಸಿನ ದಾರಿ. ಎರಡೂ ಗಾಡಿ ಆ ಸಂಜೆಯೇ ಹೋದವು. ಬಸವಪ್ರಭುಗಳು ಮಾತ್ರ, ಈ ಮಖಮಲ್ಲಿನ ಮೇಲೆ ಬೆಳಿಗ್ಗೆ ಒಮ್ಮೆ ಅಡ್ಡಾಡಿ ಹೊರಡುತ್ತೇನೆಂದು ಉಳಿದರು. ಬೆಳಿಗ್ಗೆ ಅಡ್ಡಾಡಿದರು. ಸಂಜೆ ಸುಖೇಶನಿಗೆ ಬೌಲಿಂಗ್ ಮಾಡಿದರು. ಮಂಗಳವಾರ ಅಂಗಡಿ ನೋಡಿಕೊಳ್ಳಲು ಅಮರನಿಗೆ ಫೋನು ಮಾಡಿದರು. ಬುಧವಾರ ಅಂಗಡಿಯಿಂದ ಇನ್ನೆರಡು ಧೋತರ ತರಿಸಿಕೊಂಡರು. ಮುರುಗೆಪ್ಪನವರಂತೂ ಸಂತೋಷದಿಂದ ನೆಲಕ್ಕೆ ಕಾಲು ಊರುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ, ಅಂಗಳದಿಂದ "ಹೌಜ್ದಾಟ್!" ಎಂಬ ಬೀಗರ ಕೂಗು ಕೇಳಿಬರುತ್ತಿರುವಾಗ, ಸಾವಂತ್ರವ್ವ ಇಪ್ಪತ್ತನೆಯ ರೊಟ್ಟಿ ತಟ್ಟುತ್ತ ಗಂಡನನ್ನು ಹತ್ತಿರ ಕರೆದಳು. ದನಿ ತಗ್ಗಿಸಿ ಕೇಳಿದಳು:

"ರೀ, ಆ ಹುಲ್ಲ ಮತ್ತ ಸುರಳಿ ಸುತ್ತಿ ಇಡ್ಲಿಕ್ಕೆ ಬರ್ತದೇನ್ರೀ?"